ಡಿಸ್ಕ್ ಕೆಟ್ಟ ಸುದ್ದಿ ಮುಟ್ಟಿಸುವವರು ಯಾರು?

ಹೊಲದ ಪಹಣಿ, ಬ್ಯಾಂಕಿನ ಉಳಿತಾಯದ ಲೆಕ್ಕ, ಮಕ್ಕಳ ಅಂಕಪಟ್ಟಿ – ಒಂದು ಕಾಲಕ್ಕೆ ದಪ್ಪ ರಟ್ಟಿನ ಪುಸ್ತಕಗಳಲ್ಲಿದ್ದ ಇವೆಲ್ಲ ಇಂದು ಕಂಪ್ಯೂಟರಿನ ಡಿಸ್ಕ್‌ಗಳನ್ನು ಸೇರಿವೆ. ಪುಸ್ತಕಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತಿತ್ತು. ಬೀಗ ಹಾಕಿದ ತಣ್ಣನೆಯ ಕೋಣೆಯೊಳಗೆ ಡಿಸ್ಕ್ ಕೆಟ್ಟರೆ ತಿಳಿಯುವುದು ಹೇಗೆ? ಯಂತ್ರವೇ ಹೇಳಬೇಕು, ಹೇಳಿದ್ದು ಮನುಷ್ಯನ ಕಿವಿಗೆ ಬೀಳಬೇಕು. ಈ ಏರ್ಪಾಡಿಗೂ ಒಂದು ಇತಿಹಾಸವಿದೆ.

ಅಮೆರಿಕದ ಐಬಿಎಂ ಕಂಪೆನಿ 1956ರಲ್ಲಿ ಪ್ರಕಟಿಸಿದ ಮೊದಲ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಆಮೇಲೆ ತಟ್ಟೆಗಳು ಕಿರಿದಾದವು, ಹಿಡಿಸುವ ಮಾಹಿತಿ ಹಿರಿದಾಯಿತು. ಆದರೆ ಸದಾ ತಿರುಗುವ ಯಂತ್ರ ಒಂದಲ್ಲ ಒಂದು ದಿನ ಕೆಡಲೇಬೇಕು.

ಇದಕ್ಕೆ 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಒಂದು ಉಪಾಯವನ್ನು ಮುಂದಿಟ್ಟರು. ಅದೇ 'ರೇಡ್'. ಹಲವು ಅಗ್ಗದ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವುದು ಇದರ ತಿರುಳು. ಒಂದು ಡಿಸ್ಕ್‌ನಲ್ಲಿ 4, ಇನ್ನೊಂದರಲ್ಲಿ 7, ಮೂರನೆಯದರಲ್ಲಿ ಅವುಗಳ ಮೊತ್ತ 11 ಎಂದು ಬರೆದಿಟ್ಟರೆ, ಯಾವ ಒಂದು ಅಳಿಸಿಹೋದರೂ ಉಳಿದೆರಡರಿಂದ ಅದನ್ನು ಲೆಕ್ಕ ಹಾಕಬಹುದು. ಯಂತ್ರದ ಲೆಕ್ಕ ಇದಕ್ಕಿಂತ ಬೇರೆಯಾದರೂ ತತ್ವ ಇದೇ.

ಅನುಕೂಲ ಇರುವಲ್ಲೇ ಅಪಾಯವೂ ಇದೆ. ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿಕೊಂಡ ಲಾರಿಯ ಚಾಲಕನಿಗೆ ಇನ್ನು ತನ್ನ ಬಳಿ ಬೇರೆ ಚಕ್ರವಿಲ್ಲ ಎಂಬುದು ಗೊತ್ತಿರುತ್ತದೆ. ಇಲ್ಲಿ ಹಾಗಲ್ಲ. ಒಂದು ಡಿಸ್ಕ್ ಸತ್ತರೂ ಕಚೇರಿಯ ಕೆಲಸ ಎಂದಿನಂತೆ ಸಾಗುತ್ತದೆ, ಯಾರೂ ಗಮನಿಸುವುದಿಲ್ಲ. ಅದನ್ನು ಬದಲಿಸುವ ಮೊದಲೇ ಎರಡನೆಯದೂ ಕೆಟ್ಟರೆ ಎಲ್ಲವೂ ಹೋಯಿತು. ಒಂದೇ ದಿನ ಕೊಂಡು, ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ದುಡಿದ ಡಿಸ್ಕ್‌ಗಳಿಗೆ ಮುಪ್ಪೂ ಒಟ್ಟಿಗೇ ಬರಬಹುದು.

ಆದ್ದರಿಂದಲೇ ಸುದ್ದಿ ಮುಟ್ಟಿಸುವ ವ್ಯವಸ್ಥೆ ಮುಖ್ಯ. ಜಾಲದಲ್ಲಿರುವ ಯಂತ್ರಗಳ ಯೋಗಕ್ಷೇಮ ವಿಚಾರಿಸುವ 'ಎಸ್‌ಎನ್‌ಎಂಪಿ' ಎಂಬ ಸರಳ ನಿಯಮಾವಳಿ ರೂಪುಗೊಂಡದ್ದೂ 1988ರಲ್ಲೇ. ಇದರಲ್ಲಿ ಎರಡು ವಿಧ. ಮೇಲ್ವಿಚಾರಣೆಯ ಕಂಪ್ಯೂಟರ್ ಆಗಾಗ 'ಹೇಗಿದ್ದೀಯ?' ಎಂದು ಕೇಳುವುದು ಒಂದು. ಕೆಟ್ಟಾಗ ಯಂತ್ರವೇ 'ಟ್ರ್ಯಾಪ್' ಎಂಬ ಸಂದೇಶ ಕಳಿಸುವುದು ಇನ್ನೊಂದು. ಟ್ರ್ಯಾಪ್ ಎಂಬುದು ಅಂಚೆ ಡಬ್ಬಿಗೆ ಹಾಕಿದ ಸಾದಾ ಕಾರ್ಡಿನಂತೆ. ತಲುಪಿತೇ ಇಲ್ಲವೇ ಎಂಬುದು ಕಳಿಸಿದ ಯಂತ್ರಕ್ಕೆ ತಿಳಿಯದು. ಸ್ವೀಕೃತಿ ಪಡೆಯುವ ಸಂದೇಶ ಸೇರಿದ್ದು ನಂತರದ ಆವೃತ್ತಿಯಲ್ಲಿ.

ಕೆಡುವ ಮುನ್ನವೇ ಎಚ್ಚರಿಸಲಿ ಎಂದು ಡಿಸ್ಕ್‌ಗಳಲ್ಲಿ 'ಸ್ಮಾರ್ಟ್' ಎಂಬ ಸ್ವಪರೀಕ್ಷೆಯ ವ್ಯವಸ್ಥೆಯೂ ಬಂತು. ಆದರೆ ಅದೂ ಪೂರ್ತಿ ನೆಚ್ಚುವಂಥದ್ದಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಮುನ್ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ.

ಸಂದೇಶ ಹೊರಟರೂ ದಾರಿಯಲ್ಲೇ ಕಳೆದುಹೋದರೆ ಏನಾದೀತು ಎಂಬುದಕ್ಕೆ ಗಿಟ್‌ಲ್ಯಾಬ್ ಕಂಪೆನಿಯ ಪ್ರಸಂಗ ಸಾಕ್ಷಿ. 2017ರ ಜನವರಿ 31ರಂದು ಅಲ್ಲಿನ ನೌಕರರೊಬ್ಬರ ಕೈತಪ್ಪಿನಿಂದ ಮುಖ್ಯ ದತ್ತಾಂಶ ಅಳಿಸಿಹೋಯಿತು. ಇಲ್ಲಿ ಕೆಟ್ಟದ್ದು ಡಿಸ್ಕ್ ಅಲ್ಲ, ನಿಜ. ಆದರೆ ನಿತ್ಯದ ನಕಲನ್ನು ಹುಡುಕಿದಾಗ ಅದೂ ಇರಲಿಲ್ಲ. ನಕಲು ವಿಫಲವಾಗುತ್ತಿದೆ ಎಂದು ಕಂಪ್ಯೂಟರ್ ಇ–ಮೇಲ್ ಕಳಿಸುತ್ತಲೇ ಇತ್ತು. ಅದರಲ್ಲಿ ಸರಿಯಾದ ಡಿಜಿಟಲ್ ಸಹಿ ಇರದ ಕಾರಣ ಆ ಪತ್ರಗಳು ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆಗಳ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೊಂದು ಸಿಕ್ಕಿದ್ದರಿಂದ ಹೆಚ್ಚಿನ ಮಾಹಿತಿ ಉಳಿಯಿತು. ನಡುವಿನ ಅವಧಿಯದು ಮರಳಿ ಬರಲಿಲ್ಲ. ಇದನ್ನೆಲ್ಲ ಕಂಪೆನಿಯೇ ಬಹಿರಂಗಪಡಿಸಿತು.

ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರೆ. ಯಂತ್ರಗಳ ವಿಷಯದಲ್ಲಿ ಈ ಮಾತು ನಡೆಯದು. ರಾತ್ರಿ ಕಾವಲುಗಾರ ಸೀಟಿ ಊದುವುದು ಕಳ್ಳ ಬಂದಾಗ ಮಾತ್ರವಲ್ಲ. ತಾನು ಎಚ್ಚರವಾಗಿದ್ದೇನೆ ಎಂದು ತಿಳಿಸುವುದಕ್ಕೂ ಊದುತ್ತಾನೆ. ಸೀಟಿ ಕೇಳಿಸದಿದ್ದರೆ ಮನೆಯವರಿಗೆ ಅನುಮಾನ ಬರುತ್ತದೆ. ಡಿಸ್ಕ್‌ಗಳ ಕಾವಲಿಗೂ ಇದೇ ಕ್ರಮ ಬೇಕು: 'ಎಲ್ಲ ಸರಿಯಿದೆ' ಎಂಬ ಸಂದೇಶವೂ ನಿಯಮಿತವಾಗಿ ಬರುತ್ತಿರಬೇಕು, ಅದು ನಿಂತರೆ ಯಾರಾದರೂ ಎದ್ದು ನೋಡಬೇಕು. ಎಚ್ಚರಿಕೆಯ ಪತ್ರ ಎಂದೋ ವರ್ಗವಾಗಿ ಹೋದ ನೌಕರನ ವಿಳಾಸಕ್ಕೆ ಹೋಗುತ್ತಿಲ್ಲ ತಾನೆ ಎಂಬುದನ್ನೂ ಪರೀಕ್ಷಿಸಬೇಕು. ಈ ಕೆಲಸಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ವರ್ಷಕ್ಕೊಮ್ಮೆಯಾದರೂ ಪರೀಕ್ಷೆಗೆಂದು ಒಂದು ಸಂದೇಶ ಕಳಿಸಿ, ಅದು ಯಾರ ಕೈ ಸೇರುತ್ತದೆ ಎಂದು ನೋಡಿದರೆ ಸಾಕು.