ಪೆಟ್ಟಿಗಿಂತ ಬಿಲ್ಲೇ ಭಾರವಾದಾಗ

ಸುಳ್ಯದಿಂದ ಮಡಿಕೇರಿಯತ್ತ ಸಾಗುವ ಮಾಣಿ-ಮೈಸೂರು ಹೆದ್ದಾರಿಯಲ್ಲಿ ಅರಂತೋಡು ದಾಟಿದರೆ ಕಲ್ಲುಗುಂಡಿ ಸಿಗುತ್ತದೆ. ಪಕ್ಕದಲ್ಲಿ ಪಯಸ್ವಿನಿ ಹೊಳೆ, ಸುತ್ತ ಅಡಿಕೆ ಮತ್ತು ರಬ್ಬರ್ ತೋಟಗಳು, ಮುಂದೆ ಸಂಪಾಜೆಯ ಘಾಟಿ. ಇಂಥ ಊರಿನಲ್ಲಿ ಪೆಟ್ಟಾಗಲು ಕಾರಣ ಹುಡುಕಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆಗಾಲದ ಜಾರುವ ಮರ ಏರಿದವರು ಬೀಳುತ್ತಾರೆ. ಹುಲ್ಲು ಕತ್ತರಿಸುವ ಯಂತ್ರ ಕಾಲಿಗೆ ತಗಲುತ್ತದೆ. ಹೆದ್ದಾರಿಯ ತಿರುವಿನಲ್ಲಿ ಬೈಕು ಜಾರುತ್ತದೆ.

ಗಾಯಾಳುವನ್ನು ಆಸ್ಪತ್ರೆಗೆ ತಂದ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಡಾಕ್ಟ್ರೆ, ಜೀವಕ್ಕೆ ಏನೂ ತೊಂದರೆ ಇಲ್ಲವಲ್ಲ?’ ಎರಡನೆಯ ಪ್ರಶ್ನೆ ಸ್ವಲ್ಪ ಹೊತ್ತಿನ ಬಳಿಕ, ದನಿ ತಗ್ಗಿಸಿ ಬರುತ್ತದೆ: ‘ಒಟ್ಟು ಎಷ್ಟಾದೀತು?’

ಈ ಎರಡನೆಯ ಪ್ರಶ್ನೆ ಕೇಳಲು ಯಾರೂ ನಾಚಬೇಕಾಗಿಲ್ಲ. ಆರೋಗ್ಯ ವಿಮೆ ಮಾಡಿಸದ ಕುಟುಂಬಕ್ಕೆ ತೊಡೆಮೂಳೆಯ ಒಂದು ಮುರಿತ ಸಾಕು, ವರ್ಷದ ಅಡಿಕೆಯೆಲ್ಲ ಆಸ್ಪತ್ರೆಗೆ ಸುರಿಯಬೇಕಾಗುತ್ತದೆ. ಆದರೆ ವಿಮೆ ಇಲ್ಲ ಎಂದ ಮಾತ್ರಕ್ಕೆ ದಾರಿಯೇ ಇಲ್ಲ ಎಂದಲ್ಲ. ದಾರಿಗಳಿವೆ. ಅವುಗಳಲ್ಲಿ ಹೆಚ್ಚಿನವು ಆಸ್ಪತ್ರೆಗೆ ಸೇರುವ ಮೊದಲ ದಿನವೇ ತೆರೆದಿರುತ್ತವೆ, ಬಿಡುಗಡೆಯ ದಿನ ಮುಚ್ಚಿರುತ್ತವೆ. ಇಂದಿನ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ.

ಖರ್ಚಿನ ಭಯದಿಂದಾಗುವ ಮೂರು ತಪ್ಪು

ಮೊದಲನೆಯದು ತಡ. ‘ನಾಳೆ ನೋಡೋಣ’ ಎಂದು ಎಣ್ಣೆ ಹಚ್ಚಿ ಮಲಗಿಸುವುದು, ಅಥವಾ ಎಕ್ಸ್‌ರೇ ತೆಗೆಸದೆಯೇ ಬಿದಿರು ಸೀಳು ಇಟ್ಟು ಬಿಗಿಯಾಗಿ ಕಟ್ಟಿಸುವುದು. ಅತಿ ಬಿಗಿಯಾದ ಕಟ್ಟು ರಕ್ತ ಸಂಚಾರವನ್ನೇ ನಿಲ್ಲಿಸಿ ಕೈಕಾಲು ಕೊಳೆಯುವಂತೆ ಮಾಡಬಲ್ಲದು. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಪ್ರತಿ ಗಂಟೆಯ ವಿಳಂಬವೂ ಸೋಂಕಿಗೆ ಆಹ್ವಾನ. ಸೋಂಕಾದರೆ ಒಂದು ಶಸ್ತ್ರಚಿಕಿತ್ಸೆಯ ಜಾಗದಲ್ಲಿ ಮೂರು ನಾಲ್ಕು ಬೇಕಾದೀತು. ಉಳಿಸಲು ಹೊರಟ ಹಣದ ಹಲವು ಪಟ್ಟು ಖರ್ಚಾಗುತ್ತದೆ.

ಎರಡನೆಯದು, ವೈದ್ಯರ ಮಾತು ಮೀರಿ ರೋಗಿಯನ್ನು ಅರ್ಧದಲ್ಲೇ ಮನೆಗೆ ಕರೆದೊಯ್ಯುವುದು. ಮೂರನೆಯದು, ಶಸ್ತ್ರಚಿಕಿತ್ಸೆಗೆ ಲಕ್ಷ ಸುರಿದು, ಫಿಸಿಯೋಥೆರಪಿ ಖರ್ಚು ದಂಡವೆಂದು ಬಿಟ್ಟುಬಿಡುವುದು. ಮೂಳೆ ಕೂಡಿರುತ್ತದೆ, ಆದರೆ ಮೊಣಕಾಲು ಮಡಚುವುದಿಲ್ಲ. ಮತ್ತೆ ಮರ ಹತ್ತಿ ಅಥವಾ ವಾಹನ ಓಡಿಸಿ ದುಡಿಯಬೇಕಾದವರಿಗೆ ಇದು ಶಾಶ್ವತ ನಷ್ಟ.

ಮೊದಲ ಗಂಟೆಯಲ್ಲಿ

ಮರದಿಂದ ಬಿದ್ದವರನ್ನು ಅವಸರದಲ್ಲಿ ಎತ್ತಿ ಕೂರಿಸಬೇಡಿ. ಕೈಕಾಲು ಹಿಡಿದು ನೇತಾಡಿಸುತ್ತ ಜೀಪಿಗೆ ಹಾಕಬೇಡಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಈ ಎಳೆದಾಟದಿಂದಲೇ ಕಾಲಿನ ಶಕ್ತಿ ಹೋಗಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ರೇಖೆಯಲ್ಲಿರುವಂತೆ ಮೂರು ನಾಲ್ಕು ಜನ ಸೇರಿ ಮರದ ದಿಮ್ಮಿ ಹೊರಳಿಸಿದಂತೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಕಾಫಿ, ನೀರು, ತಿಂಡಿ ಕೊಡಬೇಡಿ. ಬೆರಳು ತುಂಡಾಗಿದ್ದರೆ ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ತನ್ನಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಗಲಬಾರದು.

ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ 2008ರ ನವೆಂಬರಿನಿಂದ ಇರುವ ಈ ಸೇವೆಗೆ ಹಣ ಕೊಡಬೇಕಾಗಿಲ್ಲ.

‘ಮುಂಗಡ ಕಟ್ಟದಿದ್ದರೆ ಒಳಗೆ ಸೇರಿಸುತ್ತಾರೋ ಇಲ್ಲವೋ’ ಎಂಬ ಆತಂಕ ಬೇಡ. ಗಾಯಾಳುವಿನ ಜೀವ ಉಳಿಸುವುದು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ, ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯುವಂತಿಲ್ಲ. ಬಿಲ್ ಬಾಕಿಯೆಂದು ಮೃತದೇಹವನ್ನು ತಡೆಹಿಡಿಯುವಂತೆಯೂ ಇಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ.

ಯಾರಿಗೆ ಯಾವ ಬಾಗಿಲು?

ಮೊದಲು ನೋಡಬೇಕಾದದ್ದು ಮನೆಯ ರೇಷನ್ ಕಾರ್ಡನ್ನು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ನಮ್ಮ ಕಡೆಯ ಅನೇಕ ಕೃಷಿಕರು ‘ನಮ್ಮದು ಎಪಿಎಲ್, ನಮಗೇನೂ ಇಲ್ಲ’ ಎಂದು ಸುಮ್ಮನಾಗುತ್ತಾರೆ. ಇದು ತಪ್ಪು ಕಲ್ಪನೆ. ಎಪಿಎಲ್ ಕುಟುಂಬಕ್ಕೂ ಸರಕಾರ ನಿಗದಿಪಡಿಸಿದ ಚಿಕಿತ್ಸಾ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಸಿಗುತ್ತದೆ.

ಇಲ್ಲಿ ಮೂರು ಸಂಗತಿ ನೆನಪಿಡಿ. ಯೋಜನೆಗೆ ನೋಂದಾಯಿಸಿಕೊಂಡ ಆಸ್ಪತ್ರೆಯಲ್ಲಿ ಮಾತ್ರ ಇದು ನಡೆಯುತ್ತದೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಈ ಪತ್ರ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಹಣ ಕಟ್ಟಿ ಚಿಕಿತ್ಸೆ ಮುಗಿಸಿ ಆಮೇಲೆ ಬಿಲ್ ತೋರಿಸಿದರೆ ಸಾಮಾನ್ಯವಾಗಿ ಹಣ ಮರಳುವುದಿಲ್ಲ. ಆದ್ದರಿಂದ ದಾಖಲಾಗುವಾಗಲೇ ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಾಣಿರಿ. ಗಾಯಾಳುವಿನ ಜೊತೆ ಹೋಗುವವರಲ್ಲಿ ಒಬ್ಬರಿಗೆ ಇದೊಂದೇ ಕೆಲಸ ಒಪ್ಪಿಸಿದರೂ ಸರಿ.

ಅಪಘಾತ ರಸ್ತೆಯಲ್ಲಾಗಿದ್ದರೆ ಇನ್ನೊಂದು ಬಾಗಿಲಿದೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿದ ಹರೀಶ್ ನಂಜಪ್ಪ ಎಂಬ ಯುವಕ, ಸಾಯುವ ಮುನ್ನ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡದ್ದನ್ನು ಓದುಗರು ಮರೆತಿರಲಾರರು. ಅವರ ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರಕಾರ ಅವರ ಹೆಸರಿನಲ್ಲಿ ಸಾಂತ್ವನ-ಹರೀಶ್ ಯೋಜನೆ ತಂದು, ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಘೋಷಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಇಡೀ ದೇಶಕ್ಕೆ ಅನ್ವಯಿಸುವ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಪ್ರಕಟಿಸಿತು. ಇದರಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ ದೊರೆಯಬೇಕು. ಇದಕ್ಕೆ ಪೊಲೀಸರ ದೃಢೀಕರಣ ಅಗತ್ಯ. ಹಾಗಾಗಿ 112ಕ್ಕೆ ಅಥವಾ ಹತ್ತಿರದ ಠಾಣೆಗೆ ಅಂದೇ ತಿಳಿಸಿ.

ರಸ್ತೆ ಬದಿಯಲ್ಲೇ ಐದೋ ಹತ್ತೋ ಸಾವಿರಕ್ಕೆ ‘ರಾಜಿ’ ಮಾಡಿಕೊಂಡು ಕೇಸು ಬೇಡವೆನ್ನುವ ರೂಢಿ ನಮ್ಮಲ್ಲಿದೆ. ಹೊರಗೆ ಗಾಯ ಕಾಣದಿದ್ದರೂ ತಲೆಯೊಳಗೆ, ಹೊಟ್ಟೆಯೊಳಗೆ ರಕ್ತಸ್ರಾವವಾಗಿರಬಹುದು. ಅದು ಮರುದಿನ ಗೊತ್ತಾದಾಗ ರಾಜಿಯ ಹಣ ಸ್ಕ್ಯಾನಿಂಗಿಗೂ ಸಾಲದು. ಡಿಕ್ಕಿ ಹೊಡೆದ ವಾಹನದ ವಿಮೆಯಿಂದ ಚಿಕಿತ್ಸೆಯ ಖರ್ಚು, ದುಡಿಮೆಯ ನಷ್ಟ ಕೇಳಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಇದೆ. 2022ರಿಂದ ಅರ್ಜಿಗೆ ಕಾನೂನು ಆರು ತಿಂಗಳ ಗಡುವು ಇಟ್ಟಿದೆ, ತಡ ಮಾಡಬೇಡಿ. ಗುದ್ದಿದ ವಾಹನ ಪರಾರಿಯಾಗಿದ್ದರೂ ಗಂಭೀರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರದ ಏರ್ಪಾಡಿದೆ. ವಕೀಲರ ಶುಲ್ಕ ಕೊಡಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು.

ಒಂದು ಎಚ್ಚರಿಕೆ: ಪರಿಹಾರದ ಆಸೆಗೆ ಮರದಿಂದ ಬಿದ್ದದ್ದನ್ನು ಬೈಕಿನಿಂದ ಬಿದ್ದದ್ದೆಂದು ಬರೆಸಬೇಡಿ. ಎಷ್ಟು ಎತ್ತರದಿಂದ, ಹೇಗೆ ಬಿದ್ದರೆಂಬುದರ ಮೇಲೆ ವೈದ್ಯರು ಯಾವ ಮೂಳೆ, ಯಾವ ಅಂಗ ಪರೀಕ್ಷಿಸಬೇಕೆಂದು ನಿರ್ಧರಿಸುತ್ತಾರೆ. ಸುಳ್ಳು ಹೇಳಿದರೆ ಬೆನ್ನಿನ ಮುರಿತವೊಂದು ಗಮನಕ್ಕೆ ಬಾರದೆ ಉಳಿದೀತು. ಸುಳ್ಳು ಹೊರಬಿದ್ದರೆ ಕೇಸೂ ಬಿದ್ದುಹೋಗುತ್ತದೆ.

ಇವಾವುದೂ ಅನ್ವಯಿಸದಿದ್ದಾಗ ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಮೂಲಕ ಅರ್ಜಿ ಸಲ್ಲಿಸಬಹುದು. ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯನ್ನು ‘ಬಡವರ ಆಸ್ಪತ್ರೆ’ ಎಂದು ಹಗುರವಾಗಿ ಕಾಣುವವರಿದ್ದಾರೆ. ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವ ಆಸ್ಪತ್ರೆ ಅದು, ಅಲ್ಲಿ ತಜ್ಞ ವೈದ್ಯರಿದ್ದಾರೆ. ರೋಗಿ ಸ್ಥಿರವಾದ ಮೇಲೆ, ವೈದ್ಯರನ್ನು ಕೇಳಿ, ಅಲ್ಲಿಗೆ ವರ್ಗಾಯಿಸಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಬಿಲ್ಲಿನ ಮೇಜಿನ ಮುಂದೆ

ಒಂದು ನೋಟು ಪುಸ್ತಕ ಇಟ್ಟುಕೊಳ್ಳಿ. ಪ್ರತಿದಿನ ಯಾವ ಪರೀಕ್ಷೆ, ಯಾವ ಔಷಧ, ಎಷ್ಟು ಹಣ ಎಂದು ಬರೆಯಿರಿ. ಎಲ್ಲಕ್ಕೂ ರಸೀದಿ ಪಡೆಯಿರಿ. ಶಸ್ತ್ರಚಿಕಿತ್ಸೆಗೆ ಮುನ್ನ ಅಂದಾಜು ವೆಚ್ಚವನ್ನು ಬರೆಸಿಕೊಳ್ಳಿ. ಯೋಜನೆಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ಸ್ಪಷ್ಟವಾಗಿ ಕೇಳಿ. ಮೂಳೆಗೆ ಹಾಕುವ ಪ್ಲೇಟು, ರಾಡುಗಳಲ್ಲಿ ಹಲವು ದರದವು ಇರುತ್ತವೆ. ದುಬಾರಿಯದೇ ಬೇಕೇ, ಸಾಮಾನ್ಯವಾದದ್ದು ಸಾಕೇ ಎಂದು ವೈದ್ಯರನ್ನೇ ಕೇಳಿ. ಹಣ ಕಷ್ಟವೆಂದು ಮೊದಲೇ ಗೊತ್ತಾದರೆ ಹೆಚ್ಚಿನ ವೈದ್ಯರು ಸಾಮಾನ್ಯ ವಾರ್ಡು, ಜೆನೆರಿಕ್ ಔಷಧಗಳತ್ತ ದಾರಿ ತೋರಿಸುತ್ತಾರೆ. ಕೊನೆಯಲ್ಲಿ ಒಟ್ಟು ಮೊತ್ತ ಮಾತ್ರವಲ್ಲ, ವಿವರವಾದ ಬಿಲ್ ಕೇಳಿ, ನಿಮ್ಮ ಪುಸ್ತಕದೊಂದಿಗೆ ಹೋಲಿಸಿ. ತಪ್ಪು ಕಂಡರೆ ಜಗಳ ಬೇಡ, ಬರವಣಿಗೆಯಲ್ಲಿ ವಿಚಾರಿಸಿ. ಬಿಡುಗಡೆ ಪತ್ರ, ಎಕ್ಸ್‌ರೇ, ಬಿಲ್ಲುಗಳ ಮೂಲ ಪ್ರತಿಗಳು ನಿಮ್ಮಲ್ಲೇ ಇರಲಿ. ಮುಂದೆ ಪರಿಹಾರ ಕೇಳುವಾಗ ಇವೇ ಸಾಕ್ಷಿ.

ಸಾಲ ಮಾಡಲೇಬೇಕಾದರೆ ಮೊದಲ ರಾತ್ರಿಯೇ ಬಡ್ಡಿಯವರ ಮನೆಗೆ ಓಡಬೇಡಿ. ಅಡಿಕೆಯನ್ನು ಸಿಕ್ಕ ಬೆಲೆಗೆ ಮಾರಬೇಡಿ. ಯೋಜನೆಗಳ ಉತ್ತರ ತಿಳಿದ ಮೇಲೆ ಉಳಿದ ಮೊತ್ತಕ್ಕಷ್ಟೇ ಸಹಕಾರಿ ಸಂಘ ಅಥವಾ ಬ್ಯಾಂಕಿನ ಚಿನ್ನದ ಸಾಲ ನೋಡಿ.

ಮನೆಗೆ ಬಂದ ಮೇಲಿನ ಬಿಲ್

ಕಾಲಿನ ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣದ ದೊಡ್ಡ ಖರ್ಚು ಈ ಅವಧಿಯ ದುಡಿಮೆಯ ನಷ್ಟ. ಅದನ್ನು ಕಡಿಮೆ ಮಾಡುವ ಉಪಾಯಗಳು ಅಗ್ಗದವು. ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲೇ ದಿನವೂ ಮಾಡಿಸಿ. ಬೇಳೆ, ಮೊಟ್ಟೆ, ಮೀನು, ಹಾಲು ಕೊಡಿ. ಬೀಡಿ, ಸಿಗರೇಟು ಬಿಡಿಸಿ, ಏಕೆಂದರೆ ಹೊಗೆ ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ.

ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಆಗುವ ಹಾಸಿಗೆ ಹುಣ್ಣು ಮತ್ತೆ ಆಸ್ಪತ್ರೆಗೆ ಎಳೆಯುತ್ತದೆ, ಪ್ರಾಣಕ್ಕೂ ಅಪಾಯ ತರುತ್ತದೆ. ಇಂಥವರ ಪುನಶ್ಚೇತನಕ್ಕೆಂದೇ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸೌತಡ್ಕದಲ್ಲಿ ಸೇವಾಭಾರತಿಯ ಸೇವಾಧಾಮ ಇದೆ. ಗಾಲಿಕುರ್ಚಿಯಲ್ಲಿ ಸ್ವಾವಲಂಬಿಯಾಗಿ ಬದುಕಲು ಕಲಿಯುವುದು ಸಾಧ್ಯ. ಮನೆಯವರು ಕೈಚೆಲ್ಲಬಾರದು.

ಬೆಂಕಿ ಬೀಳುವ ಮುನ್ನ ಬಾವಿ

ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಯಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022ರ ಕೊನೆಯಲ್ಲಿ ಮತ್ತೆ ಆರಂಭವಾಯಿತು. ಆಗ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂದು ನಿಗದಿಯಾಯಿತು. ನೋಂದಣಿಗೆ ಅವಧಿ ಇರುತ್ತದೆ, ಬಿದ್ದ ಮೇಲೆ ಸೇರಲಾಗದು. ಆದ್ದರಿಂದ ಊರಿನ ಸಂಘದಲ್ಲಿ ಇಂದೇ ವಿಚಾರಿಸಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ವಿಮೆಯಿಂದ ಆಸ್ಪತ್ರೆಯ ಬಿಲ್ ಸಿಗುವುದಿಲ್ಲ. ಆದರೆ ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ ರೂಪಾಯಿ ಬರುತ್ತದೆ. ತೆಂಗಿನಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ತೋಟದ ಯಜಮಾನರು ತಮ್ಮ ಮರ ಹತ್ತುವವರ ಹೆಸರಿನಲ್ಲಿ ಇಂಥ ವಿಮೆ ಮಾಡಿಸಿದರೆ ಅದು ಉಪಕಾರವಲ್ಲ, ಕರ್ತವ್ಯ. ನೆಲದಲ್ಲೇ ನಿಂತು ಕೊಯ್ಯಲು, ಔಷಧ ಸಿಂಪಡಿಸಲು ಆಗುವ ಕಾರ್ಬನ್ ಫೈಬರ್ ದೋಟಿ ಈಗ ತೋಟಗಳಿಗೆ ಬಂದಿರುವುದು ಇನ್ನೂ ಒಳ್ಳೆಯದು. ಬೀಳದಿರುವುದಕ್ಕಿಂತ ಅಗ್ಗದ ಚಿಕಿತ್ಸೆ ಇನ್ನೊಂದಿಲ್ಲ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಈ ಭಾನುವಾರ ರೇಷನ್ ಕಾರ್ಡ್, ಎಲ್ಲರ ಆಧಾರ್, ವಾಹನದ ವಿಮೆ, ರಕ್ತದ ಗುಂಪು ಬರೆದ ಚೀಟಿ, ಇವಿಷ್ಟರ ಪ್ರತಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮನೆಮಂದಿಗೆಲ್ಲ ಗೊತ್ತಿರುವ ಜಾಗದಲ್ಲಿಡಿ. ಆ ಚೀಲ ಎಂದೂ ಬೇಕಾಗದಿರಲಿ. ಬೇಕಾದ ದಿನ ಮಾತ್ರ, ‘ಎಷ್ಟಾದೀತು?’ ಎಂಬ ಪ್ರಶ್ನೆ ಅಷ್ಟೊಂದು ಭಯಾನಕವಾಗಿ ಕೇಳಿಸದು.