ಕೃಷ್ಣೆಯ ಗುಂಟ ಎಂಟು ದಿನ: ದಂಪತಿಗಳಿಗೊಂದು ಪ್ರವಾಸ

ಪುಣೆಯಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳ ಪ್ರವಾಸವೆಂದರೆ ಸಾಮಾನ್ಯವಾಗಿ ಎರಡೇ ಬಗೆ. ಊರಲ್ಲಿ ಲಗ್ನವಿದ್ದರೆ ಒಂದು, ಯಾರಾದರೂ ತೀರಿಕೊಂಡರೆ ಇನ್ನೊಂದು. ರಾತ್ರಿ ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ಬೆಳಗಿಗೆ ಊರು ಬರುತ್ತದೆ. ನಡುವಿನ ನಾಡು ಕಣ್ಣಿಗೆ ಬೀಳುವುದೇ ಇಲ್ಲ. ಗಂಡ ಹೆಂಡತಿ ಇಬ್ಬರೇ, ಬೆನ್ನಿಗೊಂದು ಚೀಲ ಹಾಕಿಕೊಂಡು, ಎಸ್.ಟಿ. ಬಸ್ಸಿನಲ್ಲಿ ಆ ನಡುವಿನ ನಾಡನ್ನು ಹಗಲಿನಲ್ಲಿ ನೋಡಬಹುದಾದ ಒಂದು ದಾರಿಯನ್ನು ಇಲ್ಲಿ ವಿವರಿಸುತ್ತೇನೆ. ಎಂಟು ದಿನಗಳ ರಜೆ ಸಾಕು.

ಈ ದಾರಿಗೆ ಮಾರ್ಗದರ್ಶಕಳು ಕೃಷ್ಣಾ ನದಿ. ಸ್ವಾರಗೇಟಿನಿಂದ ಹೊರಟ ಬಸ್ಸು ಖಂಬಾಟಕಿ ಘಾಟವನ್ನು ದಾಟಿ ವಾಯಿಗೆ ಬರುತ್ತದೆ. ಅಲ್ಲಿ ನದಿಯ ದಂಡೆಯ ಢೋಲ್ಯಾ ಗಣಪತಿಯ ದರ್ಶನ ಮಾಡಿಕೊಂಡು, ಪಸರಣಿ ಘಾಟ ಏರಿದರೆ ಪಂಚಗಣಿ, ಮುಂದೆ ಮಹಾಬಳೇಶ್ವರ. ಇದು ಸಮುದ್ರ ಮಟ್ಟದಿಂದ ಸುಮಾರು 1,350 ಮೀಟರು ಎತ್ತರದಲ್ಲಿದೆ. ಅರಬ್ಬೀ ಸಮುದ್ರದಿಂದ ಬರುವ ಮಳೆಗಾಳಿಯು ಈ ಗೋಡೆಗೆ ಬಡಿದು ಮೇಲೇರಿ ತಣ್ಣಗಾಗುವುದರಿಂದ ಇಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಬೆಟ್ಟದ ಪೂರ್ವಕ್ಕಿರುವ ನಮ್ಮ ಪುಣೆಗೆ ಸಿಗುವುದು ಅದರಲ್ಲಿ ಏಳನೆಯ ಒಂದು ಪಾಲಿನಷ್ಟು. ವಿಜಯಪುರದ ಬಯಲಿಗೆ ಇನ್ನೂ ಕಡಿಮೆ. ಆ ಬಯಲಿನ ಜನ ಈ ಬೆಟ್ಟದ ನೀರಿನ ಋಣದಲ್ಲಿದ್ದಾರೆಂಬುದು ಇಲ್ಲಿ ನಿಂತಾಗ ಮನಸ್ಸಿಗೆ ಬರುತ್ತದೆ.

ಕ್ಷೇತ್ರ ಮಹಾಬಳೇಶ್ವರದ ಗುಡಿಯಲ್ಲಿ ಗೋಮುಖದಿಂದ ಕೃಷ್ಣಾ, ಕೋಯನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳು ಹುಟ್ಟುತ್ತವೆಂದು ನಂಬಿಕೆ. ಇವುಗಳಲ್ಲಿ ಸಾವಿತ್ರಿ ಪಶ್ಚಿಮಕ್ಕಿಳಿದು ಹತ್ತಿರದ ಸಮುದ್ರವನ್ನು ಸೇರುತ್ತದೆ. ಕೃಷ್ಣೆಯಾದರೋ ಸಮೀಪದ ಸಮುದ್ರಕ್ಕೆ ಬೆನ್ನು ತಿರುಗಿಸಿ, ಸುಮಾರು 1,400 ಕಿಲೋಮೀಟರು ಹರಿದು ಬಂಗಾಳ ಉಪಸಾಗರಕ್ಕೆ ಹೋಗುತ್ತಾಳೆ. ಒಂದೇ ತವರಿನ ವೆಣ್ಣಾ ನದಿ ಸಾತಾರೆಯ ಹತ್ತಿರ ಮಾಹುಲಿಯಲ್ಲಿಯೂ, ಕೋಯನಾ ಕರಾಡದಲ್ಲಿಯೂ ಬಂದು ಮತ್ತೆ ಅವಳನ್ನು ಕೂಡುತ್ತವೆ.

ಎರಡನೆಯ ದಿನ ಪ್ರತಾಪಗಡ. 1656ರಲ್ಲಿ ಕಟ್ಟಿ ಮುಗಿದ ಈ ಕೋಟೆಯ ಕೆಳಗೆ 1659ರ ನವೆಂಬರದಲ್ಲಿ ಶಿವಾಜಿ ಮಹಾರಾಜರೂ ಬಿಜಾಪುರದ ಸರದಾರ ಅಫಜಲಖಾನನೂ ಎದುರಾದರು. ಬಿಜಾಪುರದಲ್ಲಿ ಮುಹಮ್ಮದ ಆದಿಲಶಾಹನು ತೀರಿಕೊಂಡು ಗೋಲಗುಮ್ಮಟದಲ್ಲಿ ಮಣ್ಣಾದದ್ದೂ 1656ರಲ್ಲಿಯೇ. ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡಿದವರಿಗೆ, ಶಾಲೆಯಲ್ಲಿ ಬೇರೆ ಬೇರೆ ಪಾಠಗಳಾಗಿದ್ದ ಸಂಗತಿಗಳು ಒಂದೇ ಕಥೆಯೆಂಬುದು ತಿಳಿಯುತ್ತದೆ.

ಮೂರನೆಯ ದಿನ ಸಾತಾರೆ, ಕರಾಡಗಳ ಮೇಲಿಂದ ಕೊಲ್ಹಾಪುರ. ಅಲ್ಲಿ ಮಹಾಲಕ್ಷ್ಮಿಯ ದರ್ಶನ. ನಾಲ್ಕನೆಯ ದಿನ, ಪಂಚಗಂಗೆಯು ಕೃಷ್ಣೆಯನ್ನು ಕೂಡುವ ನರಸೋಬಾವಾಡಿ ಮತ್ತು ನದಿಯ ದಂಡೆಯಲ್ಲಿಯೇ ಇರುವ ಖಿದ್ರಾಪುರ. ಖಿದ್ರಾಪುರದ ಕೋಪೇಶ್ವರ ಗುಡಿಯು ಶಿಲಾಹಾರರ ಕಾಲದ್ದು. ಅದರ ಮುಂದಿನ ಮಂಟಪವು 48 ಕಂಬಗಳ ಮೇಲೆ ನಿಂತು, ನಡುವೆ ದುಂಡಗೆ ಆಕಾಶಕ್ಕೆ ತೆರೆದುಕೊಂಡಿದೆ. ಈ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ನಾವು ಹೋದಾಗ ನಮ್ಮ ಮನೆಯವರು ಕಲ್ಲಿನ ಮೇಲೆ ಬೆರಳು ತೋರಿಸುತ್ತ 'ಇದು ಗಕಾರ, ಇದು ನಕಾರ' ಎಂದು ಒಂದೊಂದೇ ಅಕ್ಷರದ ಗುರುತು ಹಿಡಿದರು. ಇಪ್ಪತ್ತು ವರ್ಷ ಪುಣೆಯಲ್ಲಿದ್ದರೂ 'ನಾವು ಪರಊರವರು' ಎನ್ನುತ್ತಿದ್ದವರು ಅಂದು ಹಾಗೆನ್ನಲಿಲ್ಲ. ಇದು ನಮ್ಮದು, ಅದು ನಿಮ್ಮದು ಎಂಬ ವಾದಕ್ಕಾಗಿ ಹೇಳುತ್ತಿಲ್ಲ. ಎರಡೂ ನುಡಿಗಳು ಈ ನದಿಯ ದಂಡೆಯಲ್ಲಿ ಬಹುಕಾಲದ ನೆರೆಹೊರೆ. ಆ ನೆರೆತನಕ್ಕೆ ಕಲ್ಲಿನ ಸಾಕ್ಷಿಯುಂಟು ಎಂದಷ್ಟೇ.

ಐದನೆಯ ದಿನ ಮಿರಜದ ಮೇಲಿಂದ ವಿಜಯಪುರ ಸೇರಿ ಇಬ್ರಾಹಿಂ ರೋಜಾ ನೋಡಬೇಕು. ಆರನೆಯ ದಿನ ಬೆಳಗಿನಲ್ಲಿ, ಗದ್ದಲ ಕೂಡುವ ಮುನ್ನ, ಗೋಲಗುಮ್ಮಟ ಏರಬೇಕು. ಸುಮಾರು 44 ಮೀಟರು ಅಡ್ಡಳತೆಯ ಗುಮ್ಮಟದ ಒಳಸುತ್ತಿನಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಎದುರುಬದಿಯವರಿಗೆ ಕೇಳುತ್ತದೆ. ಬಾಗಿದ ಗೋಡೆಯು ದನಿಯನ್ನು ಚೆದರಗೊಡದೆ ತನ್ನ ಗುಂಟವೇ ಸಾಗಿಸುವುದು ಇದಕ್ಕೆ ಕಾರಣ. ಅಂದೇ ದಕ್ಷಿಣಕ್ಕೆ ಹೊರಟರೆ, ಮಲಪ್ರಭೆಯು ಕೃಷ್ಣೆಯನ್ನು ಸೇರುವ, ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ. ಇಲ್ಲಿ ಕೃಷ್ಣೆಯನ್ನು ಬೀಳ್ಕೊಟ್ಟು ಮಲಪ್ರಭೆಯ ಬಯಲಿಗೆ ತಿರುಗಿ ಬಾದಾಮಿ ಸೇರಬೇಕು.

ಏಳನೆಯ ದಿನ ಪಟ್ಟದಕಲ್ಲು ಮತ್ತು ಐಹೊಳೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಪತಿ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿಯು ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಎಂಟನೆಯ ದಿನ ಬಾದಾಮಿಯ ಗುಹೆಗಳು. ಮೂರನೆಯದರಲ್ಲಿ 578ರ ಬರಹವುಂಟು. ಬಾದಾಮಿಯಿಂದ ಸೊಲ್ಲಾಪುರದ ಮೇಲೆ ರೈಲಿನಲ್ಲಿ ಹಿಂತಿರುಗಬಹುದು.

ಇನ್ನು ಸಿದ್ಧತೆಯ ಮಾತು. ಮಳೆಗಾಲದಲ್ಲಿ ಘಾಟಗಳಲ್ಲಿ ದರಡೆ ಕುಸಿಯುವ ಭಯ. ಬೇಸಿಗೆಯಲ್ಲಿ ಬಾದಾಮಿಯ ಬಂಡೆ ಕಾದಿರುತ್ತದೆ. ನವೆಂಬರದಿಂದ ಜನವರಿ ಉತ್ತಮ. ಟ್ರಂಕು, ಕೈಚೀಲ ಬೇಡ. ಕೋಟೆಯ ಮೆಟ್ಟಿಲಿಗೂ ಬಸ್ಸಿನ ಸಳಿಗೂ ಕೈ ಖಾಲಿಯಿರಬೇಕು. ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ನೀರಿನ ಬಾಟಲಿ, ಅವಲಕ್ಕಿ, ಔಷಧಿ ಇಷ್ಟೇ ಸಾಕು. ಬಾದಾಮಿಯಲ್ಲಿ ಮಂಗಗಳು ಬಹಳ. ತಿನಿಸನ್ನು ಕೈಯಲ್ಲಿ ಹಿಡಿಯಬಾರದು. ಮಹಾರಾಷ್ಟ್ರ ಸರಕಾರವು 2023ರಲ್ಲಿ ಎಸ್.ಟಿ.ಯಲ್ಲಿ ಹೆಂಗಸರಿಗೆ ಅರ್ಧ ತಿಕೀಟು ಮಾಡಿದ್ದರಿಂದ ಇತ್ತಣ ದಾರಿಯ ಖರ್ಚು ಹಗುರವಾಗಿದೆ. ಕರ್ನಾಟಕದ ಉಚಿತ ಪ್ರಯಾಣ ಅಲ್ಲಿಯ ನಿವಾಸಿ ಹೆಂಗಸರಿಗೆ ಮಾತ್ರ. ಪುಣೆಯ ವಿಳಾಸದವರು ತಿಕೀಟು ಕೊಳ್ಳಲೇಬೇಕು.

ಮನೆಯ ಯಜಮಾನರಿಗೊಂದು ವಿನಂತಿ. ಹೆಂಡತಿಯ ಚೀಲವನ್ನು ಅವರೇ ಕಟ್ಟಿಕೊಳ್ಳಲಿ, ಯಾವ ಊರಲ್ಲಿ ಎಷ್ಟು ಹೊತ್ತು ಎಂಬುದನ್ನು ಇಬ್ಬರೂ ಕೂಡಿ ನಿಶ್ಚಯಿಸಿರಿ. ವರ್ಷವೆಲ್ಲ ಬೇರೆಯವರ ಹೊತ್ತಿಗೆ ಅಡಿಗೆ ಮಾಡುವವರಿಗೆ ಎಂಟು ದಿನವಾದರೂ ತಮ್ಮ ಹೊತ್ತು ಸಿಗಲಿ.