ಗಂಜಿ ಕೇಂದ್ರದ ಒಲೆ

ಜಮಖಂಡಿ ಸೀಮೆಯವರಾದ ನಮಗೆ ಕೃಷ್ಣೆಯೆಂದರೆ ಕಬ್ಬು, ಜೋಳ, ಉಣ್ಣುವ ಅನ್ನ. ಆ ಕೃಷ್ಣೆಯೇ 2019ರ ಆಗಸ್ಟಿನಲ್ಲಿ ಮನೆಯೊಳಗೆ ನುಗ್ಗಿ ಬಂದಳು. ಸಹ್ಯಾದ್ರಿಯ ಮಳೆಯೂ ಕೊಯ್ನಾ ಜಲಾಶಯದಿಂದ ಬಿಟ್ಟ ನೀರೂ ಇತ್ತ ಅವಳನ್ನು ಉಕ್ಕಿಸಿದರೆ, ಅತ್ತ ಹಿಡಕಲ್ ಜಲಾಶಯದ ನೀರಿನಿಂದ ತುಂಬಿದ ಘಟಪ್ರಭೆ ಮುಧೋಳ ಸೀಮೆಯ ಹೊಲಮನೆಗಳನ್ನು ಮುಳುಗಿಸಿದಳು. ಎತ್ತರದಲ್ಲಿದ್ದ ಶಾಲೆಗಳೇ ಜನರಿಗೆ ಆಸರೆಯಾದವು. ಸರಕಾರಿ ಕಾಗದದಲ್ಲಿ ಅವು ಪರಿಹಾರ ಕೇಂದ್ರಗಳು. ಜನರ ಬಾಯಲ್ಲಿ ಗಂಜಿ ಕೇಂದ್ರಗಳು. ಅಲ್ಲಿ ಬೇಯುತ್ತಿದ್ದುದು ಅನ್ನ, ಸಾರು, ಉಪ್ಪಿಟ್ಟು. ಆದರೂ ಬರಗಾಲದ ಹೆಸರು ಉಳಿದುಕೊಂಡಿದೆ.

ಅಂಥದೊಂದು ಶಾಲೆಯಲ್ಲಿ ದಾಖಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಲೆಯ ಭಾರ ಹೊತ್ತವರು ಬಿಸಿಯೂಟದ ಅಡುಗೆಯ ಹೆಂಗಸರು. 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹ ಯೋಜನೆಯ ಕೆಲಸದವರು. ಪಡೆಯುವುದು ಸಂಬಳವಲ್ಲ, ಗೌರವ ಸಂಭಾವನೆ. ಒಂದು ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಒಂದು ಹೊತ್ತು ಬೇಯಿಸುತ್ತಿದ್ದ ಕೈಗಳು ಈಗ ಊರಿಗೆ ಊರೇ ಉಣ್ಣುವಷ್ಟನ್ನು ಹೊತ್ತುಹೊತ್ತಿಗೆ ಬೇಯಿಸಬೇಕಾಯಿತು.

ಅನ್ನದಾನವೆಂದರೆ ಅಕ್ಕಿ ಕೊಡುವುದೆಂದೇ ಎಲ್ಲರ ತಿಳುವಳಿಕೆ. ಅಕ್ಕಿಯ ಚೀಲಗಳು ಗೋಡೆಯೆತ್ತರ ಬಂದು ಬಿದ್ದವು. ಉಪ್ಪು, ಹುಣಸೆಹಣ್ಣು, ಒಳ್ಳೆಣ್ಣೆ ಮಾತ್ರ ಯಾರಿಗೂ ನೆನಪಾಗಲಿಲ್ಲ. ಸುತ್ತಲೂ ನೀರಿದ್ದರೂ ಕುಡಿಯುವ ನೀರಿಗೆ ಬರ. ದೂರದೂರುಗಳಿಂದ ಜೋಳದ ರೊಟ್ಟಿಯ ಗಂಟುಗಳು ಬಂದವು. ಕಟಕ ರೊಟ್ಟಿ ಶೇಂಗಾ ಹಿಂಡಿಯೊಡನೆ ದಿನಗಟ್ಟಲೆ ಬಾಳುತ್ತದೆ. ಬಿಸಿಯಾಗಿದ್ದಾಗಲೇ ಕಟ್ಟಿದ ಮೆತ್ತನೆಯ ರೊಟ್ಟಿ ದಾರಿಯಲ್ಲಿಯೇ ಬೂಸು ಹಿಡಿಯುತ್ತದೆ. ಕಾಲೇಜಿನ ನಾಲ್ಕಾರು ಹುಡುಗರು ಇರುಳೆಲ್ಲ ಕುಳಿತು ಒಂದೊಂದನ್ನೇ ಬೆಳಕಿಗೆ ಹಿಡಿದು ಆರಿಸಿದರು. ಪತ್ರಿಕೆಯಲ್ಲಿ ಬಂದ ಚಿತ್ರಗಳಲ್ಲಿ ಗಂಟು ತಂದವರಿದ್ದರು, ಈ ಹುಡುಗರಿರಲಿಲ್ಲ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಹೆಸರು, ಊರು, ರೇಶನ್ ಕಾರ್ಡಿನ ಸಂಖ್ಯೆ ಬರೆದುಕೊಂಡೇ ತಾಟು ಕೊಡುವುದೆಂದು ನಾನು ನಿಯಮ ಮಾಡಿದ್ದೆ. ಎರಡನೆಯ ರಾತ್ರಿ ರುಮಾಲು ಸುತ್ತಿದ ಮುದುಕರೊಬ್ಬರು ಸಾಲಿನಲ್ಲಿ ಬಂದು ನಿಂತರು. ಕಾರ್ಡು ಹೊಳೆಯ ಪಾಲಾಗಿತ್ತು. ನಾನು ಮತ್ತೊಮ್ಮೆ ಕೇಳಿದೆ. ಅವರು ಏನೂ ಹೇಳದೆ ಮರಳಿ ಹೋಗಿ ಪಡಸಾಲೆಯ ಮೂಲೆಯಲ್ಲಿ ಮುಖ ತಿರುಗಿಸಿ ಮಲಗಿಬಿಟ್ಟರು. ಸುಗ್ಗಿಯಲ್ಲಿ ಆಳುಗಳಿಗೆಲ್ಲ ಉಣ್ಣಲಿಕ್ಕಿದ ಮನೆತನದವರೆಂದು ಆಮೇಲೆ ತಿಳಿಯಿತು.

ಸಾರು ಬಡಿಸುತ್ತಿದ್ದ ಅಡುಗೆಯಾಕೆ ಸೌಟು ಕೆಳಗಿಟ್ಟು ನನ್ನ ಬಳಿಗೆ ಬಂದಳು. "ಸರ, ಮೊದಲ ಉಣ್ಣಾಕ ನೀಡೂಣ್ರಿ. ಹೆಸರ ಎಲ್ಲಿ ಹೋಗ್ತಾವ, ಆಮ್ಯಾಲ ಬರಕೋರಿ."

ಇತಿಹಾಸ ಕಲಿಸುವ ನನಗೆ ಇದು ಹೊಳೆಯಬೇಕಿತ್ತು. 1876–78ರ ಬರದಲ್ಲಿ ಬೀಳಗಿ ಕಲಾದಗಿ ಜಿಲ್ಲೆಗೆ ಸೇರಿತ್ತು. ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ಕೂಲಿಯನ್ನು ದಿನಕ್ಕೊಂದು ಪೌಂಡು ಧಾನ್ಯ, ಮೇಲೆ ಅಲ್ಪ ಹಣಕ್ಕೆ ಇಳಿಸಿದ. ಲೆಕ್ಕ ಅಚ್ಚುಕಟ್ಟಾಗಿಯೇ ಇತ್ತು.

ಮರುದಿನ ಮುಂಜಾನೆ ಆಕೆ ಮುದುಕರ ಮುಂದೆ ಮೆಣಸಿನಕಾಯಿಯ ಮೊರವಿಟ್ಟಳು. "ಯಜ್ಜಾ, ಇದರ ತುಂಬು ಬಿಡಿಸಿ ಕೊಡ್ರಿ, ನಮಗ ಕೈ ಸಾಲವಲ್ದು." ಅವರು ಎದ್ದು ಕುಳಿತರು, ಬಿಡಿಸಿ ಮುಗಿಸಿ, ಕೈ ತೊಳೆದು ಅಡುಗೆಯವರ ಸಾಲಿನಲ್ಲಿಯೇ ಉಂಡರು. ಸಂಜೆಯ ಹೊತ್ತಿಗೆ ಹತ್ತಾರು ಹೆಂಗಸರು ಕಾಯಿಪಲ್ಲೆ ಹೆಚ್ಚುತ್ತ ಕುಳಿತಿದ್ದರು. ನನ್ನ ಮೇಜು ಬಾಗಿಲಿನಿಂದ ಕೈ ತೊಳೆಯುವ ನಳದ ಬಳಿಗೆ ಹೋಯಿತು. ಉಂಡ ಜನ ತಾವಾಗಿಯೇ ಹೆಸರು ಬರೆಯಿಸಿದರು.

2020ರಲ್ಲಿ ಲಾಕ್‌ಡೌನಿನಿಂದ ರಬಕವಿ-ಬನಹಟ್ಟಿಯ ಮಗ್ಗಗಳು ನಿಂತವು. ದಿನಸಿಯ ಚೀಲ ಹಂಚಲು ಹೋದಾಗ ನಾನು ದಾಖಲೆಯನ್ನು ಕೊನೆಗೇ ತೆರೆದೆ. ನೇಕಾರನಿಗೂ ಮಾನ ದೊಡ್ಡದು.

ನೆರೆಯ ನಾಲ್ಕನೆಯ ದಿನ ಪರಿಹಾರದ ಅರ್ಜಿಗಾಗಿ ಮನೆ ಕಳೆದುಕೊಂಡವರ ಪಟ್ಟಿ ಕೇಳಿದರು. ಓದುತ್ತಿದ್ದಾಗ ಮುದುಕರು ನಡುವೆ ಬಾಯಿ ಹಾಕಿ, "ಈ ಅಡಗಿ ಮಾಡಾಕಿ ಹೆಸರ ಎಲ್ಲೈತಿ?" ಎಂದರು. ಮೊದಲ ದಿನವೇ ಆಕೆಯ ಮನೆಯ ಗೋಡೆ ಬಿದ್ದಿತ್ತು, ಮಕ್ಕಳು ಅದೇ ಪಡಸಾಲೆಯಲ್ಲಿ ಮಲಗುತ್ತಿದ್ದವು.

"ಯಾಕ ಹೇಳಲಿಲ್ಲ, ಅಕ್ಕಾರ?" ಎಂದೆ.

"ಬರಸೂದ ಮರತಿದ್ನಿರಿ, ಸರ. ಅನ್ನ ಸೀದೀತಂತ ಅಂಜಿಕಿ," ಎಂದು ಒಲೆಯ ಕಡೆಗೆ ತಿರುಗಿದಳು.